ಊರು ದಾಟಿದ ಗಂಡಸು

ನಮ್ಮ ಜಿಲ್ಲಾ ಕೇಂದ್ರಗಳ ಕೆಲವು ಟ್ರಾವೆಲ್ ಏಜೆನ್ಸಿಗಳ ಗೋಡೆಯ ಮೇಲೆ ಕಾಬಾದ ಚಿತ್ರವಿರುವ ಉಮ್ರಾ ಪ್ಯಾಕೇಜಿನ ಪೋಸ್ಟರು ಇರುತ್ತದೆ. ಅದರ ಪಕ್ಕದಲ್ಲೇ ಕಡಲು, ತೆಂಗಿನ ಮರ, ನಗುವ ಹುಡುಗಿಯ ಚಿತ್ರದ ‘ಬ್ಯಾಂಕಾಕ್-ಪಟ್ಟಾಯ, 4 ರಾತ್ರಿ 5 ಹಗಲು’ ಕೂಡ ಇರುತ್ತದೆ. ಮಾರುವವನಿಗೆ ಇದರಲ್ಲಿ ವಿರೋಧಾಭಾಸವೇನೂ ಕಾಣುವುದಿಲ್ಲ. ಎರಡಕ್ಕೂ ಬೇಕಾದದ್ದು ಪಾಸ್‌ಪೋರ್ಟು ಮತ್ತು ಮುಂಗಡ ಹಣ. ಕುತೂಹಲದ ಸಂಗತಿಯೆಂದರೆ, ಈ ಎರಡೂ ಪ್ರಯಾಣಗಳಲ್ಲಿ ಗಂಡಸು ಮಾಡುವ ಮೊದಲ ಕೆಲಸ ಒಂದೇ. ಅವನು ಬಟ್ಟೆ ಬದಲಾಯಿಸುತ್ತಾನೆ.

ಉಮ್ರಾಕ್ಕೆ ಹೋಗುವವನು ಮೀಖಾತ್ ದಾಟುವ ಮೊದಲು ಹೊಲಿಗೆಯಿಲ್ಲದ ಎರಡು ತುಂಡು ಬಿಳಿ ಬಟ್ಟೆ ತೊಡುತ್ತಾನೆ. ಅಲ್ಲಿಗೆ ಅವನು ಸಾಹುಕಾರನೂ ಅಲ್ಲ, ಗುಮಾಸ್ತನೂ ಅಲ್ಲ. ಗುರುತು ಕಳಚಿದ ಆ ಹೊತ್ತಿನಿಂದಲೇ ಅವನ ಮೇಲಿನ ಕಟ್ಟುಪಾಡು ಹೆಚ್ಚಾಗುತ್ತದೆ. ಜಗಳವಾಡುವಂತಿಲ್ಲ, ಬೇಟೆಯಾಡುವಂತಿಲ್ಲ, ಅತ್ತರು ಪೂಸುವಂತಿಲ್ಲ, ಹೆಂಡತಿಯನ್ನು ಕೂಡುವಂತಿಲ್ಲ. ಪಟ್ಟಾಯಕ್ಕೆ ಹೋಗುವವನೂ ಗುರುತು ಕಳಚುತ್ತಾನೆ. ಸಿಮೆಂಟ್ ಕಂಪೆನಿಯೋ ರಸಗೊಬ್ಬರದ ಕಂಪೆನಿಯೋ ಮಾರಾಟದ ಗುರಿ ಮುಟ್ಟಿದ್ದಕ್ಕೆ ಕಳಿಸಿದ ಡೀಲರು ಅವನು ಎಂದಿಟ್ಟುಕೊಳ್ಳಿ. ಊರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಬಿಟ್ಟು ಬೇರೆ ತೊಡದವನು, ಮಗಳ ದುಪಟ್ಟಾ ಜಾರಿದರೆ ಕಣ್ಣು ಕೆಂಪಗೆ ಮಾಡುವವನು. ಅಲ್ಲಿ ಇಳಿದ ಸಂಜೆ ಹೂವಿನ ಅಂಗಿ, ಮೊಣಕಾಲ ಮೇಲಿನ ಚಡ್ಡಿ, ರಾತ್ರಿಯಲ್ಲೂ ಕಪ್ಪು ಕನ್ನಡಕ. ಅವನೂ ಅದೇ ಗುರುತನ್ನು ಕಳಚಿದ್ದಾನೆ, ಆದರೆ ಅದರ ಜೊತೆಗೆ ಕಟ್ಟುಪಾಡೂ ಕಳಚಿಬಿದ್ದಿದೆ.

ಕಡಲ ದಂಡೆಯಲ್ಲಿ ಚಡ್ಡಿ ತೊಡುವುದು ಪಾಪವೆಂದು ವಾದಿಸಲು ನಾನು ಹೊರಟಿಲ್ಲ. ಸೆಕೆಯ ಊರಿನಲ್ಲಿ ಅದು ವಿವೇಕವೇ ಇರಬಹುದು. ಆದರೆ ಅದೇ ಮನುಷ್ಯ ಮರುದಿನ ಬೆಳಿಗ್ಗೆ ಬ್ಯಾಂಕಾಕಿನ ಅರಮನೆಯನ್ನೂ ಅದರ ಆವರಣದ ಪಚ್ಚೆ ಬುದ್ಧನ ಗುಡಿಯನ್ನೂ ನೋಡಲು ಹೋಗುತ್ತಾನೆ. ಅಲ್ಲಿ ಚಡ್ಡಿಗೆ, ತೋಳಿಲ್ಲದ ಬನಿಯನ್ನಿಗೆ ಪ್ರವೇಶವಿಲ್ಲ. ಬಾಗಿಲಲ್ಲಿ ಕಾವಲುಗಾರ ತಡೆದು ವಾಪಸು ಕಳಿಸುತ್ತಾನೆ. ಹೊರಗೆ ಸಾಲು ಅಂಗಡಿಗಳಲ್ಲಿ ಆನೆಯ ಚಿತ್ತಾರದ ಸಡಿಲ ಪೈಜಾಮ ಮಾರುತ್ತಾರೆ. ಅದನ್ನು ಕೊಂಡು ಏರಿಸಿಕೊಂಡು, ಕೈಕಟ್ಟಿ, ದನಿ ತಗ್ಗಿಸಿ ಅವನು ಒಳಗೆ ನಡೆಯುತ್ತಾನೆ. ಅಂದರೆ ಮರ್ಯಾದೆ ಅವನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಕಾವಲುಗಾರ ನಿಂತಲ್ಲಿ ಅದು ನೆನಪಾಗುತ್ತದೆ, ಅಷ್ಟೇ.

ಪ್ಲೇಟೋನ ‘ರಿಪಬ್ಲಿಕ್’ ಕೃತಿಯ ಎರಡನೆಯ ಭಾಗದಲ್ಲಿ ಗೈಜಿಸನ ಉಂಗುರದ ಕತೆ ಬರುತ್ತದೆ. ಕುರುಬನೊಬ್ಬನಿಗೆ ಒಂದು ಉಂಗುರ ಸಿಗುತ್ತದೆ. ಅದರ ಹರಳನ್ನು ಒಳಮುಖ ತಿರುಗಿಸಿದರೆ ಅವನು ಯಾರಿಗೂ ಕಾಣುವುದಿಲ್ಲ. ಅವನು ಅರಮನೆಗೆ ಹೋಗಿ ರಾಣಿಯನ್ನು ಒಲಿಸಿಕೊಂಡು ರಾಜನನ್ನು ಕೊಂದು ರಾಜ್ಯ ಕಬಳಿಸುತ್ತಾನೆ. ಕತೆ ಹೇಳುವ ಗ್ಲಾಕನ್ನನ ಸವಾಲು ಇಷ್ಟೆ: ಇಂಥ ಉಂಗುರ ಸಿಕ್ಕರೆ ಒಳ್ಳೆಯವನೂ ಕೆಟ್ಟವನೂ ಒಂದೇ ರೀತಿ ನಡೆದುಕೊಳ್ಳುತ್ತಾರೆ, ಅಲ್ಲವೇ? ಎರಡು ಸಾವಿರ ವರ್ಷ ಇದನ್ನು ಬರೀ ಊಹೆಯ ಪ್ರಶ್ನೆ ಎಂದು ಓದಿಕೊಂಡು ಬಂದೆವು. ಈಗ ಆ ಉಂಗುರವನ್ನು ಕಂತಿನಲ್ಲಿ ಮಾರುತ್ತಾರೆ. ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ನಾಲ್ಕು ಗಂಟೆ. 2023ರ ನವೆಂಬರಿನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ ಬರಲು ಬಾಗಿಲು ತೆರೆಯಿತು. 2024ರಲ್ಲಿ 20 ಲಕ್ಷಕ್ಕೂ ಹೆಚ್ಚು ಭಾರತೀಯರು ಅಲ್ಲಿಗೆ ಹೋಗಿಬಂದರು. ಅವರಲ್ಲಿ ಮಧುಚಂದ್ರದ ಜೋಡಿಗಳಿವೆ, ಮಕ್ಕಳೊಂದಿಗಿನ ಸಂಸಾರಗಳಿವೆ, ಬೌದ್ಧ ಯಾತ್ರಿಕರಿದ್ದಾರೆ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ನನ್ನ ಮಾತು ಉಂಗುರ ತಿರುಗಿಸಲೆಂದೇ ಹೋಗುವವರ ಬಗ್ಗೆ.

ಇದು ಹೊಸ ರೋಗವೂ ಅಲ್ಲ, ಪಶ್ಚಿಮದಿಂದ ಬಂದ ರೋಗವೂ ಅಲ್ಲ. ಹದಿನಾಲ್ಕನೆಯ ಶತಮಾನದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ನಮ್ಮ ಕರಾವಳಿಗೂ ಬಂದಿದ್ದ. ಹೊನ್ನಾವರದ ಹೆಂಗಸರು ಹೊಲಿಗೆಯಿಲ್ಲದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ತಲೆ ಮತ್ತು ಎದೆಯ ಮೇಲೆ ಹೊದೆಯುತ್ತಾರೆಂದು ಬರೆದ. ಅವರಿಗೆಲ್ಲ ಕುರ್‌ಆನ್ ಕಂಠಪಾಠವಾಗಿದೆ ಎಂದ. ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿವೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಬೆರಗಾದ. (ಹೆಣ್ಣುಮಕ್ಕಳ ಓದಿನ ಬಗ್ಗೆ ಇಂದಿಗೂ ಚೌಕಾಸಿ ಮಾಡುವ ನಮ್ಮ ಹಿರಿಯರು ಈ ಸಾಲುಗಳನ್ನು ಓದಿಕೊಂಡರೆ ಒಳ್ಳೆಯದು.) ಮುಂದೆ ಅವನು ಮಾಲ್ದೀವ್ಸಿಗೆ ಹೋಗಿ ಅಲ್ಲಿ ಕಾಜಿಯಾದ. ಅಲ್ಲಿನ ಹೆಂಗಸರು ಸೊಂಟದ ಮೇಲೆ ಬಟ್ಟೆ ತೊಡುತ್ತಿರಲಿಲ್ಲ. ಅವರಿಗೆ ಮೈ ಮುಚ್ಚಿಸಲು ಕಾಜಿ ಸಾಹೇಬರು ಬಹಳ ಪ್ರಯತ್ನಪಟ್ಟರು. ಕೊನೆಗೆ ತನ್ನ ನ್ಯಾಯಾಲಯಕ್ಕೆ ಬರುವವರು ಮಾತ್ರ ಹೊದ್ದುಕೊಂಡು ಬರಬೇಕೆಂದು ನಿಯಮ ಮಾಡಿದರು, ಅದರಾಚೆಗೆ ಅವರ ಮಾತು ನಡೆಯಲಿಲ್ಲ.

ಅದೇ ಪುಸ್ತಕದಲ್ಲಿ ಅವನು ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಹೇಳುತ್ತಾನೆ. ಆ ದ್ವೀಪಗಳಲ್ಲಿ ಮದುವೆ ಸುಲಭ, ಮೆಹರ್ ಕಡಿಮೆ. ಹಡಗು ಬಂದಾಗ ನಾವಿಕರು ಮದುವೆಯಾಗುತ್ತಾರೆ, ಹೊರಡುವಾಗ ತಲಾಕ್ ಕೊಡುತ್ತಾರೆ. ಹೆಂಗಸರು ತಮ್ಮ ನಾಡು ಬಿಟ್ಟು ಬರುವುದಿಲ್ಲ. ಸ್ವತಃ ಅವನೇ ಅಲ್ಲಿ ಹಲವು ಮದುವೆಗಳನ್ನು ಮಾಡಿಕೊಂಡು, ಬಿಟ್ಟು ಹೊರಟ. ಕೆಲ ಕಾಲದ ನಂತರ, ಅಲ್ಲಿ ಹುಟ್ಟಿದ ತನ್ನ ಮಗನನ್ನು ನೋಡಲು ಮತ್ತೆ ಹೋದ. ಕೂಸಿಗೆ ಆಗ ಎರಡು ವರ್ಷ. ಕರೆದುಕೊಂಡು ಹೋಗುವ ಯೋಚನೆ ಬಿಟ್ಟು ತಾಯಿಯ ಬಳಿಯೇ ಇರಿಸಿ ಮುಂದಿನ ದೇಶಕ್ಕೆ ಹೋದ.  ಅವನ ಕಾಲದ ಕಾನೂನಿನಲ್ಲಿ ಇದೆಲ್ಲ ಸರಿಯೇ ಇತ್ತು. ಸತ್ತು ಆರೂವರೆ ಶತಮಾನವಾದವನನ್ನು ಕಟಕಟೆಗೆ ಎಳೆದು ನನಗೇನೂ ಆಗಬೇಕಾಗಿಲ್ಲ. ಆದರೆ ಹೆಣ್ಣಿನ ಎದೆಯ ಮೇಲೆ ಬಟ್ಟೆ ಇಲ್ಲದ್ದು ಅವನಿಗೆ ನೈತಿಕ ಸಮಸ್ಯೆಯಾಗಿ ಕಂಡಿತು. ಹಡಗಿನೊಂದಿಗೆ ಬಂದು ಹಡಗಿನೊಂದಿಗೆ ಹೋಗುವ ಗಂಡ ಸಮಸ್ಯೆಯಾಗಿ ಕಾಣಲಿಲ್ಲ. ಈ ಕಣ್ಣಿನ ದೋಷ ಅವನ ಜೊತೆಗೇ ಮಣ್ಣಾಗಲಿಲ್ಲ.

ಈಗ ಪಟ್ಟಾಯಕ್ಕೆ ಬರೋಣ. ಹೆಣ್ಣಿನ ವ್ಯಾಪಾರ ಅಲ್ಲಿನವರ ‘ಸಂಸ್ಕೃತಿ’ ಎಂಬ ಮಾತನ್ನು ಹೋಗಿಬಂದವರ ಬಾಯಲ್ಲಿ ಕೇಳಿದ್ದೇನೆ. 1950ರ ದಶಕದವರೆಗೂ ಅದು ಮೀನುಗಾರರ ಒಂದು ಹಳ್ಳಿ. ವಿಯೆಟ್ನಾಂ ಯುದ್ಧ ಬಂತು. ಪಟ್ಟಾಯದ ದಕ್ಷಿಣಕ್ಕಿರುವ ಯು-ತಪಾವ್ ವಾಯುನೆಲೆಯಿಂದ ಅಮೆರಿಕದ ಬಿ-52 ಬಾಂಬರುಗಳು ಹಾರತೊಡಗಿದವು. ದಣಿದ ಸೈನಿಕರಿಗೆ ‘ವಿಶ್ರಾಂತಿ ಮತ್ತು ಮನರಂಜನೆ’ ಒದಗಿಸುವ ಒಪ್ಪಂದಕ್ಕೆ 1967ರಲ್ಲಿ ಥಾಯ್ ಸರ್ಕಾರವೂ ಅಮೆರಿಕದ ಸೇನೆಯೂ ಸಹಿ ಹಾಕಿದವು. ಅದಕ್ಕೆ ಒಂದು ವರ್ಷ ಮುಂಚೆಯೇ, 1966ರಲ್ಲಿ, ಮನರಂಜನಾ ಸ್ಥಳಗಳಿಗೆ ಪರವಾನಗಿ ಕೊಡುವ ಕಾನೂನು ಬಂದಿತ್ತು. ದೇಶದಲ್ಲಿ ವೇಶ್ಯಾವೃತ್ತಿಯನ್ನು 1960ರಲ್ಲೇ ನಿಷೇಧಿಸಿದ್ದರೂ ಬಾರು, ಮಸಾಜ್ ಮನೆಗಳ ಹೆಸರಿನಲ್ಲಿ ಅದು ಬೆಳೆಯಿತು. ಸೈನಿಕರು 1976ರ ಹೊತ್ತಿಗೆ ಹೊರಟುಹೋದರು, ಅವರಿಗಾಗಿ ಕಟ್ಟಿದ ಹೋಟೆಲು ಬಾರುಗಳು ಉಳಿದುಕೊಂಡವು. ಖಾಲಿ ಬಿದ್ದ ಹಾಸಿಗೆಗಳಿಗೆ ಜರ್ಮನರು, ಜಪಾನೀಯರು, ಅರಬರು ಬಂದರು. ಈಗ ನಮ್ಮವರ ಸರದಿ.

ಬಾರುಗಳಲ್ಲಿ ಕೂರುವ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿ ಈಶಾನ್ಯದ ಇಸಾನ್ ಸೀಮೆಯವರು. ಮಳೆ ನಂಬಿ ಭತ್ತ ಬೆಳೆಯುವ, ಸಾಲದಲ್ಲಿ ಮುಳುಗೇಳುವ ಒಣ ಸೀಮೆ. ನಮ್ಮ ರಾಯಚೂರು ಕೊಪ್ಪಳದ ಕಡೆಯಿಂದ ಗುಳೇ ಹೋಗುವವರನ್ನು ಕಂಡವರಿಗೆ ಆ ಊರುಗಳನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಥಾಯ್ ಜನರಲ್ಲಿ ‘ಬುನ್‌ಖುನ್’ ಎಂಬ ಭಾವನೆಯಿದೆ. ಹೆತ್ತು ಹೊತ್ತವರ ಋಣ ಎನ್ನಬಹುದು. ಮಗನಾದವನು ಕೆಲವು ವಾರ ಭಿಕ್ಷುವಾಗಿ ಮಠ ಸೇರಿದರೆ ಆ ಪುಣ್ಯ ತಾಯಿಗೆ ಸಲ್ಲುತ್ತದೆ, ಋಣದ ದೊಡ್ಡ ಪಾಲು ತೀರುತ್ತದೆ. ಮಗಳಿಗೆ ಆ ದಾರಿ ಮುಚ್ಚಿದೆ. ಹೆಂಗಸರಿಗೆ ದೀಕ್ಷೆ ಕೊಡಬಾರದೆಂದು 1928ರಲ್ಲಿ ಅಲ್ಲಿನ ಸಂಘದ ಮುಖ್ಯಸ್ಥರು ಆಜ್ಞೆ ಮಾಡಿದ್ದರು. ಹಾಗಾಗಿ ಮಗಳು ಋಣವನ್ನು ಹಣದಲ್ಲೇ ತೀರಿಸಬೇಕು. ತಮ್ಮನ ಶಾಲೆ, ಅಪ್ಪನ ಸಾಲ, ಮನೆಗೊಂದು ಸಿಮೆಂಟಿನ ನೆಲ. ಬಾರಿನ ಎತ್ತರದ ಸ್ಟೂಲಿನ ಮೇಲೆ ಕೂತು ಗಿರಾಕಿಗೆ ಕೈಬೀಸುವವಳ ಬೆನ್ನ ಹಿಂದೆ ಇಷ್ಟೆಲ್ಲ ಇರುತ್ತದೆ. ಗಿರಾಕಿಯ ಕಣ್ಣಿಗೆ ಕಾಣುವುದು ಕೈ ಮಾತ್ರ.

ಇಲ್ಲೊಂದು ಬಲವಾದ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ‘ಅವಳು ಒಪ್ಪಿದ್ದಾಳೆ, ನಾನು ಹಣ ಕೊಟ್ಟಿದ್ದೇನೆ. ನಡುವೆ ಬರಲು ನೀವು ಯಾರು?’ ಈ ಮಾತನ್ನು ಗಿರಾಕಿ ಮಾತ್ರ ಹೇಳುವುದಿಲ್ಲ. ಬ್ಯಾಂಕಾಕಿನ ಪಾಟ್‌ಪಾಂಗ್ ಬೀದಿಯಲ್ಲಿ 1980ರ ದಶಕದಲ್ಲಿ ಬಾರಿನ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತ ಬೆಳೆದ ‘ಎಂಪವರ್’ ಸಂಸ್ಥೆಯ ಹೆಂಗಸರೂ ಇಂಥದೇ ಮಾತು ಹೇಳುತ್ತಾರೆ. ನಮ್ಮನ್ನು ಉದ್ಧಾರ ಮಾಡಲು ಬರಬೇಡಿ, ಇದನ್ನು ದುಡಿಮೆ ಎಂದು ಒಪ್ಪಿ ದುಡಿಮೆಗಾರರ ಹಕ್ಕು ಕೊಡಿ ಎನ್ನುತ್ತಾರೆ. 2006ರಲ್ಲಿ ಚಿಯಾಂಗ್ ಮಾಯ್ ನಗರದಲ್ಲಿ ಅವರು ತಮ್ಮದೇ ಒಂದು ಬಾರು ತೆರೆದು, ರಜೆ, ಸಾಮಾಜಿಕ ವಿಮೆ, ನಿಗದಿತ ಕೆಲಸದ ವೇಳೆ ಎಲ್ಲವನ್ನೂ ಕಾರ್ಮಿಕ ಕಾನೂನಿನಂತೆ ನಡೆಸಿ ತೋರಿಸಿದರು. ಅವರ ಮಾತನ್ನು ನಾನು ಗೌರವಿಸುತ್ತೇನೆ. ಪೊಲೀಸ್ ದಾಳಿ ಮಾಡಿ ‘ರಕ್ಷಿಸಿ’ ಗೃಹಬಂಧನದಲ್ಲಿಡುವುದಕ್ಕಿಂತ ಅದು ಎಷ್ಟೋ ಮೇಲು.

ಆದರೆ ಅವಳ ಒಪ್ಪಿಗೆ ಅವಳ ಬದುಕಿನ ಲೆಕ್ಕಕ್ಕೆ ಉತ್ತರ. ಅದನ್ನು ಗಿರಾಕಿ ತನ್ನ ನಡತೆಗೆ ಉತ್ತರವಾಗಿ ಎರವಲು ಪಡೆಯುವಂತಿಲ್ಲ. ಹಸಿದವನೊಬ್ಬ ಕಡಿಮೆ ಕೂಲಿಗೆ ಒಪ್ಪಿದನೆಂದ ಮಾತ್ರಕ್ಕೆ ಕಡಿಮೆ ಕೂಲಿ ಕೊಟ್ಟವನು ನ್ಯಾಯವಂತನಾಗುವುದಿಲ್ಲ. ಇದು ನಮ್ಮ ಹೊಲಗದ್ದೆಗಳಲ್ಲಿ ಎಲ್ಲರಿಗೂ ಅರ್ಥವಾಗುವ ಮಾತು. ಇನ್ನು ಅವಳ ಎದುರು ಅವನು ನಡೆದುಕೊಳ್ಳುವ ಬಗೆ. ಐದು ಮಂದಿ ಸೇರಿ ಒಂದು ಗ್ಲಾಸು ಬಿಯರಿಗೆ ಹೇಳಿ ಎರಡು ಗಂಟೆ ಕೂರುವುದು, ತರಕಾರಿ ಸಂತೆಯಂತೆ ಗಟ್ಟಿಯಾಗಿ ಚೌಕಾಸಿ ಮಾಡುವುದು, ಕೇಳದೆ ಮೊಬೈಲಿನಲ್ಲಿ ಚಿತ್ರ ತೆಗೆದು ಊರಿನ ಗೆಳೆಯರ ವಾಟ್ಸಾಪಿಗೆ ಕಳಿಸುವುದು. ಈ ಯಾವುದಕ್ಕೂ ಅವಳು ಒಪ್ಪಿರಲಿಲ್ಲ, ಇದಕ್ಕೆ ಅವನು ಹಣವನ್ನೂ ಕೊಟ್ಟಿರಲಿಲ್ಲ. ಊರಲ್ಲಿ ತನ್ನ ಅಂಗಡಿಗೆ ಬಂದ ಹೆಣ್ಣುಮಗಳನ್ನು ‘ಏನಮ್ಮಾ’, ‘ಏನಕ್ಕಾ’ ಎಂದು ಮಾತಾಡಿಸುವ ನಾಲಗೆಗೆ ಅಲ್ಲಿ ಏನಾಯಿತು? ಭಾಷೆ ಬರುವುದಿಲ್ಲ, ನಿಜ. ಮರ್ಯಾದೆಗೆ ಥಾಯ್ ಭಾಷೆ ಬೇಕಾಗಿಲ್ಲ.

ಇದು ನಮ್ಮವರ ಚಾಳಿ ಮಾತ್ರ ಎಂದು ತಲೆ ತಗ್ಗಿಸಬೇಕಾಗಿಯೂ ಇಲ್ಲ. ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ 2023ರಲ್ಲಿ 18ರಿಂದ 35 ವಯಸ್ಸಿನ ಬ್ರಿಟಿಷ್ ಗಂಡಸರಿಗೆ ‘ದೂರವಿರಿ’ ಎಂದು ಜಾಹೀರಾತು ಕೊಟ್ಟಿತು. ಮದುವೆಗೆ ಮುಂಚಿನ ಮೋಜಿಗೆಂದು ಗುಂಪಾಗಿ ಬರುವವರು ಅವರು. ಎಲ್ಲರದೂ ಒಂದೇ ಬಣ್ಣದ ಟೀ ಶರ್ಟು, ಮದುಮಗನಿಗೆ ಹೆಣ್ಣಿನ ಫ್ರಾಕು ತೊಡಿಸಿರುವುದೂ ಉಂಟು. ಇಂಥ ಸಮವಸ್ತ್ರಕ್ಕೆ ಒಂದು ಉಪಯೋಗವಿದೆ. ಆ ರಾತ್ರಿ ಮಾಡಿದ್ದನ್ನು ಯಾರೊಬ್ಬರೂ ಮಾಡಿದಂತಾಗುವುದಿಲ್ಲ, ಗುಂಪು ಮಾಡಿದಂತಾಗುತ್ತದೆ. ಅಲ್ಲಿನ ಗಾಜಿನ ಕಿಟಕಿಗಳ ಮುಂದೆ ಪ್ರವಾಸಿಗಳನ್ನು ಗೈಡುಗಳು ಸಾಲುಗಟ್ಟಿಸಿ ಕರೆದೊಯ್ಯುವುದನ್ನು 2020ರಲ್ಲಿ ನಿಲ್ಲಿಸಲಾಯಿತು. ದುಡಿಯುವ ಹೆಂಗಸರನ್ನು ನೋಡುವ ವಸ್ತುವಾಗಿಸುವುದು ಅಗೌರವ ಎಂಬುದು ಕೊಟ್ಟ ಕಾರಣಗಳಲ್ಲೊಂದು. ವೇಶ್ಯಾವೃತ್ತಿಗೆ ಕಾನೂನಿನ ಒಪ್ಪಿಗೆ ಕೊಟ್ಟ ಊರು ಕೂಡ ಕೊನೆಗೆ ನೋಟಕ್ಕೆ ಕಡಿವಾಣ ಹಾಕಬೇಕಾಯಿತು ಎಂಬುದನ್ನು ಗಮನಿಸಬೇಕು.

ನೋಟದ ಮಾತು ಬಂದದ್ದರಿಂದ ನಮ್ಮ ಮನೆಯ ಮಾತನ್ನೂ ಹೇಳಿಬಿಡಬೇಕು. ಹಿಜಾಬಿನ ಬಗ್ಗೆ ನಮ್ಮಲ್ಲಿ ಆದ ಚರ್ಚೆಗಳಿಗೆ, ಬಂದ ಭಾಷಣಗಳಿಗೆ ಲೆಕ್ಕವಿಲ್ಲ. ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಗಂಡಸರಿಗೆ, 30ನೆಯ ವಚನದಲ್ಲಿ. ಹೆಂಗಸರ ಮಾತು 31ರಲ್ಲಿ. ನಮ್ಮ ಭಾಷಣಕಾರರು ಬಹುಪಾಲು 31ರಿಂದಲೇ ಓದು ಶುರು ಮಾಡುತ್ತಾರೆ. ಹಯಾ ಎಂಬ ಗುಣವನ್ನು ಹೆಣ್ಣಿನ ಬಟ್ಟೆಗೆ ಹೊಲಿದುಬಿಟ್ಟು ಗಂಡಸು ಕೈತೊಳೆದುಕೊಂಡಿದ್ದಾನೆ.

ಹಾಗೆ ಕೈತೊಳೆದುಕೊಂಡವನು ಪರದೇಶದಲ್ಲಿ ಹೂವಿನ ಅಂಗಿಯನ್ನೇ ತೊಡಬೇಕೆಂದೇನೂ ಇಲ್ಲ. ಉದ್ದನೆಯ ಬಿಳಿ ನಿಲುವಂಗಿ ತೊಟ್ಟೂ ಬರುತ್ತಾನೆ. 1991ರ ಆಗಸ್ಟಿನಲ್ಲಿ ಹೈದರಾಬಾದಿನಿಂದ ದೆಹಲಿಗೆ ಹೊರಟ ವಿಮಾನದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಅಳುತ್ತಿರುವುದನ್ನು ಗಗನಸಖಿಯೊಬ್ಬರು ಕಂಡು ವಿಚಾರಿಸಿದರು. ಪಕ್ಕದಲ್ಲಿದ್ದವನು ಅರವತ್ತರ ಪ್ರಾಯದ ಸೌದಿ ಪ್ರಜೆ, ಅವಳ ‘ಗಂಡ’. ದೆಹಲಿಯಲ್ಲಿ ಅವನ ಬಂಧನವಾಯಿತು. ಜಾಮೀನು ಪಡೆದವನು ದೇಶ ಬಿಟ್ಟುಹೋದ. ಇಪ್ಪತ್ತಾರು ವರ್ಷಗಳ ನಂತರ, 2017ರ ಸೆಪ್ಟೆಂಬರಿನಲ್ಲಿ, ಅದೇ ಹೈದರಾಬಾದಿನ ಪೊಲೀಸರು ಒಮಾನ್ ಮತ್ತು ಕತಾರಿನಿಂದ ಹುಡುಗಿಯರನ್ನು ‘ಮದುವೆಯಾಗಲು’ ಬಂದವರನ್ನು ಹಿಡಿದರು, ಜೊತೆಗೆ ದಲ್ಲಾಳಿಗಳನ್ನು ಮತ್ತು ಕಾಜಿಗಳನ್ನು ಕೂಡ. ಅಲ್ಲಿ ನಿಕಾಹ್ ಇತ್ತು, ಮೆಹರ್ ಇತ್ತು, ಸಾಕ್ಷಿಗಳಿದ್ದರು. ಮಾಲ್ದೀವ್ಸಿನ ಹಡಗಿನ ಬದಲು ವಿಮಾನವಿತ್ತು. ಪಟ್ಟಾಯದ ಗಿರಾಕಿ ತಾನು ಮಾಡುತ್ತಿರುವುದು ಮದುವೆ ಎಂದು ಹೇಳಿಕೊಳ್ಳುವುದಿಲ್ಲ, ದೇವರನ್ನು ಸಾಕ್ಷಿಗೆ ಕರೆಯುವುದೂ ಇಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಕೆಟ್ಟವರೆಂದು ಕೇಳಿದರೆ ನನ್ನ ಉತ್ತರದಲ್ಲಿ ಅನುಮಾನವಿಲ್ಲ: ಬಿಳಿ ನಿಲುವಂಗಿಯವನು.

ಪಟ್ಟಾಯದ ಬಾರುಗಳಲ್ಲಿ ‘ಬಾರ್ ಫೈನ್’ ಎಂಬ ಪದ್ಧತಿಯಿದೆ. ಹೆಣ್ಣನ್ನು ಹೊರಗೆ ಕರೆದೊಯ್ಯಬೇಕಾದರೆ ಗಿರಾಕಿ ಮೊದಲು ಬಾರಿನ ಮಾಲೀಕನಿಗೆ ಒಂದು ಮೊತ್ತ ಕಟ್ಟಬೇಕು. ಅವಳು ಆ ರಾತ್ರಿ ಕೆಲಸಕ್ಕೆ ಗೈರುಹಾಜರಾದದ್ದಕ್ಕೆ ದಂಡ ಎಂದು ಅದರ ಲೆಕ್ಕ. ದೇಶದ ಕಾನೂನಿನಲ್ಲಿರುವ ದಂಡವೇ ಬೇರೆ. 1996ರ ಕಾಯಿದೆಯ ಪ್ರಕಾರ ಬೀದಿಯಲ್ಲಿ ನಿಂತು ಗಿರಾಕಿಯನ್ನು ಕರೆದವಳಿಗೆ 1,000 ಬಾತ್‌ವರೆಗೆ ದಂಡವಿದೆ. ಹೆಣ್ಣು 18 ದಾಟಿದವಳಾಗಿದ್ದರೆ, ಆ ಕರೆಗೆ ಓಗೊಟ್ಟು ಅವಳ ಜೊತೆ ಹೋದವನಿಗೆ ಅದೇ ಕಾಯಿದೆಯಲ್ಲಿ ಯಾವ ಶಿಕ್ಷೆಯೂ ಇಲ್ಲ.