ಕೈಯಲ್ಲಿ ಎಲೆಯಿಲ್ಲದಾಗ

ಹಳೇ ಮೈಸೂರು ಸೀಮೆಯಲ್ಲಿ ಯುಗಾದಿಗೆ ಇಸ್ಪೀಟೆಲೆ ಹೊರಬೀಳುವಂತೆ ಮುಂಬಯಿಯಲ್ಲಿ ದೀಪಾವಳಿಗೆ ಹೊರಬೀಳುತ್ತದೆ. ಗುಜರಾತಿ, ಮಾರವಾಡಿ ನೆರೆಯವರ ಮನೆಗಳಲ್ಲಿ ತೀನ್ ಪತ್ತಿ ನೋಡಿ ಕಲಿತ ನಮ್ಮ ಮಕ್ಕಳು ಈಗ ಒಂದು ಹೆಜ್ಜೆ ಮುಂದೆ ಹೋಗಿ ಅಮೆರಿಕದ ಪೋಕರ್ ಆಡತೊಡಗಿದ್ದಾರೆ. ಅಂಥ ಒಂದು ರಾತ್ರಿ ನಮ್ಮ ನಡುವೆ ಎರಡು ಪ್ರಶ್ನೆಗಳು ಒಟ್ಟಿಗೇ ಎದ್ದವು. ಕಾಲೇಜಿನಲ್ಲಿ ಓದುವ ಹುಡುಗನೊಬ್ಬ, “ಮಾಮ, ಬ್ಲಫ್ ಯಾವಾಗ ಮಾಡಬೇಕು, ಯಾವಾಗ ಮಾಡಬಾರದು?” ಎಂದು ಕೇಳಿದ. ಅಷ್ಟರಲ್ಲಿ ಚಕ್ಕುಲಿಯ ತಟ್ಟೆ ಹಿಡಿದು ಬಂದ ಅವನ ಅಜ್ಜಿ, “ಲಕ್ಷ್ಮೀಪೂಜೆ ದಿನ ಮಕ್ಕಳಿಗೆ ಸುಳ್ಳು ಹೇಳೋದನ್ನ ಕಲಿಸ್ತೀರೇನಪ್ಪಾ?” ಎಂದರು. ಒಂದು ಆಟದ ಪ್ರಶ್ನೆ, ಇನ್ನೊಂದು ಧರ್ಮದ ಪ್ರಶ್ನೆ. ಹುಡುಗನಿಗೆ ಉತ್ತರ ಹೇಳುತ್ತ ಹೋದಂತೆ ಅಜ್ಜಿಯ ಉತ್ತರವೂ ಅದರೊಳಗೇ ಇದೆಯೆಂದು ನಮಗೆ ತೋರಿತು.

ಈ ಬ್ಲಫ್ ಎಂಬುದಕ್ಕೆ ಸರಿಯಾದ ಕನ್ನಡ ಮಾತು ಹುಡುಕಿದರೆ ಬಡಾಯಿ, ಬುರುಡೆ, ರೈಲು ಬಿಡುವುದು ಎಂದೆಲ್ಲ ಸಿಗುತ್ತವೆ. ಆದರೆ ಇವೆಲ್ಲ ಉತ್ತರಕುಮಾರನ ಜಾತಿಗೆ ಸೇರಿದವು. ಉತ್ತರನ ಪೌರುಷ ಒಲೆಯ ಮುಂದೆ. ಅಲ್ಲಿ ಅವನು ಏನನ್ನೂ ಪಣಕ್ಕಿಟ್ಟಿರಲಿಲ್ಲ. ಬ್ಲಫ್ ಮಾಡುವವನು ಮಾತಾಡಬೇಕಾಗಿಲ್ಲ, ತನ್ನ ಹಣವನ್ನು ಮುಂದೆ ತಳ್ಳಬೇಕು. ಎದುರಿನವನು “ತೋರಿಸು” ಎಂದರೆ ಅದು ಹೋಯಿತು.

ಪೋಕರ್ ಅರಿಯದವರಿಗಾಗಿ ಎರಡು ಮಾತು. ಈಗ ಹೆಚ್ಚು ಬಳಕೆಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್ ಬಗೆಯಲ್ಲಿ ಪ್ರತಿಯೊಬ್ಬನಿಗೆ ಎರಡು ಗುಪ್ತ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ಹಂತಹಂತವಾಗಿ ತೆರೆಯುತ್ತವೆ. ಈ ಏಳರಲ್ಲಿ ಯಾರ ಐದು ಎಲೆಗಳ ಕೂಟ ದೊಡ್ಡದೋ ಅವನಿಗೆ ಗೆಲುವು. ಆದರೆ ಪಣ ಏರಿದಾಗ ಉಳಿದವರೆಲ್ಲ ಎಲೆ ಕೆಳಗಿಟ್ಟುಬಿಟ್ಟರೆ, ತೋರಿಸದೆಯೇ ಹಣವೆಲ್ಲ ನಿಮ್ಮದು. ಈ ಎರಡನೆಯ ದಾರಿಯಿಂದಲೇ ಬ್ಲಫ್ ಹುಟ್ಟಿದ್ದು. 52 ಎಲೆಗಳಿಂದ ಐದೈದು ಆಯ್ದರೆ 25,98,960 ಬಗೆಯ ಕೈಗಳಾಗುತ್ತವೆ. ಅವುಗಳಲ್ಲಿ 13,02,540, ಎಂದರೆ ಅರ್ಧಕ್ಕಿಂತ ತುಸು ಹೆಚ್ಚು, ಒಂದು ಜೋಡಿಯೂ ಇಲ್ಲದ ಬರಿಗೈಗಳು. ಒಳ್ಳೆಯ ಎಲೆ ಬಂದಾಗ ಮಾತ್ರ ಪಣ ಏರಿಸುವವನ ಗುಟ್ಟು ಬಹಳ ಹೊತ್ತು ಉಳಿಯದು. ಅವನು ಹಣ ಇಟ್ಟೊಡನೆ ಎಲ್ಲರೂ ಎದ್ದುಬಿಡುತ್ತಾರೆ. ಆದ್ದರಿಂದ ಬ್ಲಫ್ ಆಟಕ್ಕೆ ಅಂಟಿದ ಕೊಳೆಯಲ್ಲ, ಆಟದ ಒಂದು ಅಂಗವೇ. 1944ರಲ್ಲಿ ಪ್ರಕಟವಾದ ಆಟಗಳ ಸಿದ್ಧಾಂತದ ಹೆಸರಾಂತ ಗ್ರಂಥದಲ್ಲಿ ಜಾನ್ ಫಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ ಇದನ್ನೇ ಗಣಿತದಿಂದ ತೋರಿಸಿದರು.

ಹಾಗಾದರೆ ಹೊಸಬ ಏನು ಮಾಡಬೇಕು? ಮೊದಲು ಮಾಡಬಾರದ್ದನ್ನು ಹೇಳಿದೆವು. ನಾಲ್ಕು ಜನರ ಮುಂದೆ ಬ್ಲಫ್ ಮಾಡಬೇಡ. ಒಬ್ಬೊಬ್ಬನೂ ಎರಡರಲ್ಲಿ ಒಂದು ಸಲ ಎಲೆ ಬಿಡುವವನೆಂದಿಟ್ಟುಕೊಂಡರೂ, ಇಬ್ಬರೂ ಬಿಡುವ ಸಂಭವ ನಾಲ್ಕರಲ್ಲಿ ಒಂದು, ಮೂವರೂ ಬಿಡುವುದು ಎಂಟರಲ್ಲಿ ಒಂದು. ಬೇಸರ ಬಂತೆಂದು ಮಾಡಬೇಡ. ಹಿಂದಿನ ಆಟದಲ್ಲಿ ಸೋತ ಸಿಟ್ಟಿಗಂತೂ ಬೇಡವೇ ಬೇಡ. ನಡುತರದ ಎಲೆ ಇದ್ದಾಗ ಬೇಡ, ಅದು ತೋರಿಸಿಯೂ ಗೆಲ್ಲಬಹುದು. ಫಾನ್ ನಾಯ್ಮನ್ ಲೆಕ್ಕದಲ್ಲೂ ಬ್ಲಫ್‌ಗೆ ತಕ್ಕದ್ದು ತೀರ ಕೆಟ್ಟ ಕೈಯೇ ಹೊರತು ನಡುವಣದ್ದಲ್ಲ. ಇನ್ನು ಲೆಕ್ಕ ಗೊತ್ತಿದ್ದರೆ ಧೈರ್ಯ ತಾನಾಗಿ ಹದಕ್ಕೆ ಬರುತ್ತದೆ: ನಡುವೆ ನೂರು ಬಿದ್ದಿರುವಾಗ ನೀನು ಐವತ್ತು ಇಟ್ಟು ಬ್ಲಫ್ ಮಾಡಿದರೆ, ಎರಡು ಸಲ ಸೋತು ಒಂದು ಸಲ ಗೆದ್ದರೂ ಸರಿಗೆ ಸರಿ, ನೂರು ಇಟ್ಟರೆ ಎರಡರಲ್ಲಿ ಒಂದು ಸಲ ಗೆಲ್ಲಲೇಬೇಕು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಬೇರೆಯದು. ಏನೂ ಯೋಚಿಸದೆ ಪ್ರತಿ ಸಲವೂ “ತೋರಿಸು” ಎನ್ನುವವನ ಮುಂದೆ ಬ್ಲಫ್ ಮಾಡಲೇಬೇಡ. ಹೊಸಬರು ಜಾರುವುದು ಇಲ್ಲಿಯೇ. ಎದುರಿಗಿರುವವನು ದಡ್ಡ, ಹೆದರಿಸಿಬಿಡೋಣ ಎಂದುಕೊಳ್ಳುತ್ತಾರೆ. ದಡ್ಡ ಹೆದರುವುದಿಲ್ಲ, ನೀವು ಇಷ್ಟು ಹಣ ಇಟ್ಟದ್ದೇಕೆಂದು ಅವನು ಕೇಳಿಕೊಳ್ಳುವುದೇ ಇಲ್ಲವಲ್ಲ! ಕೈಯಲ್ಲಿದ್ದ ಎರಡರ ಜೋಡಿ ತೋರಿಸಿ ಹಣ ಬಾಚಿಕೊಂಡು ಹೋಗುತ್ತಾನೆ. ಬ್ಲಫ್ ತಟ್ಟುವುದು ಯೋಚನೆ ಮಾಡುವವನಿಗೆ, ನಿಮ್ಮ ನಡೆಯನ್ನು ಓದಬಲ್ಲವನಿಗೆ.

ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಇಸ್ಪೀಟಿನ ಮೇಜಿನಲ್ಲಿ ಹುಸಿ ನಡೆಯುವುದು ತಿಳಿದವನ ಮೇಲೆ. ಅವನೂ ಅದೇ ಅಸ್ತ್ರ ಹಿಡಿದು, ಹುಸಿ ಇರುತ್ತದೆಂದು ಒಪ್ಪಿಯೇ ಕುಳಿತವನು. ಮೇಜಿನಿಂದ ಎದ್ದು ಬೀದಿಗಿಳಿದರೆ ಎಲ್ಲವೂ ತಿರುಗುಮುರುಗು. ಲೋಕದ ಬ್ಲಫ್ ನಡೆಯುವುದು ಸರಳರ ಮೇಲೆ, ನಂಬಿದವರ ಮೇಲೆ. “ಮುಂಬಯಿಯಲ್ಲಿ ಹುಡುಗನಿಗೆ ಸ್ವಂತ ಫ್ಲ್ಯಾಟಿದೆ, ದೊಡ್ಡ ಹುದ್ದೆಯಿದೆ” ಎಂದು ಊರಿನ ಕಡೆ ಹೇಳಿ ಹೆಣ್ಣು ತಂದ ಕಥೆಗಳು ನಮಗೆ ಹೊಸವಲ್ಲ. ಬಾಡಿಗೆಯ ಒಂದು ಕೋಣೆಗೆ ಬಂದು ಇಳಿದ ಆ ಹೆಣ್ಣುಮಗಳು ಯಾವ ಆಟಕ್ಕೆ ಕುಳಿತಿದ್ದಳು? ಅವಳ ತಂದೆ ಮಾತು ನಂಬಿದ್ದು ಹೇಳಿದವರು ನಮ್ಮವರು, ನಮ್ಮ ಭಾಷೆಯವರು ಎಂದು. ಅಲ್ಲಿ ಪಣಕ್ಕಿದ್ದದ್ದು ಹೇಳಿದವರ ಹಣವಲ್ಲ, ಅವಳ ಬದುಕು.

1968ರಲ್ಲಿ ಆಲ್ಬರ್ಟ್ ಕಾರ್ ಎಂಬಾತ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ, ವ್ಯಾಪಾರವೂ ಪೋಕರಿನಂಥ ಆಟವೇ, ಮನೆಯ ನೀತಿಯನ್ನು ಅಲ್ಲಿಗೆ ತರಬೇಕಾಗಿಲ್ಲ ಎಂದು ವಾದಿಸಿ ದೊಡ್ಡ ಗದ್ದಲ ಎಬ್ಬಿಸಿದ. ಇಬ್ಬರು ದಲಾಲರು ಬೆಲೆ ಕುದುರಿಸುವಾಗ ಅವನ ಮಾತನ್ನು ಒಪ್ಪಬಹುದು. “ಇದಕ್ಕಿಂತ ಒಂದು ಪೈ ಇಳಿಸಲಾರೆ” ಎಂಬುದನ್ನು ಇಬ್ಬರೂ ನಂಬುವುದಿಲ್ಲ. ಆದರೆ ಪೋಕರ್ ಬೇಡವೆನಿಸಿದರೆ ಎದ್ದುಹೋಗಬಹುದು. ಅಕ್ಕಿ, ಔಷಧ, ಬಾಡಿಗೆಮನೆ ಬೇಡವೆಂದು ಏಳುವುದು ಹೇಗೆ? ಕಾರ್ ಮಹಾಶಯನಿಗೆ ಈ ಕಷ್ಟ ಬಂದಿರಲಿಲ್ಲವೆಂದು ತೋರುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮನ್ನೇ ಚುಚ್ಚುವ ಒಂದು ಮಾತು ಉಳಿಯುತ್ತದೆ. ಪೋಕರಿನಲ್ಲಿ ಅರೆ ಬ್ಲಫ್ ಎಂಬುದೊಂದಿದೆ. ನಡುವಿನ ಮೂರು ಎಲೆ ತೆರೆದಾಗ ನಿಮ್ಮ ಎರಡೂ ಸೇರಿ ನಾಲ್ಕು ಆಟೀನು ಆಗಿವೆ, ಐದನೆಯದು ಬೇಕು. ಕಾಣದ 47 ಎಲೆಗಳಲ್ಲಿ ಒಂಬತ್ತು ಆಟೀನು ಉಳಿದಿವೆ. ಇನ್ನೆರಡು ಎಲೆ ತೆರೆಯುವಷ್ಟರಲ್ಲಿ ಅದು ಬರುವ ಸಂಭವ ಹೆಚ್ಚುಕಡಿಮೆ ನೂರಕ್ಕೆ 35. ಈಗ ಪಣ ಏರಿಸಿದರೆ ಎದುರಿನವನು ಹೆದರಿ ಬಿಡಬಹುದು. ಬಿಡದಿದ್ದರೂ ನಿಮ್ಮ ಹುಸಿ ನಿಜವಾಗಬಹುದು. ಹೊಸಬರು ಬ್ಲಫ್ ಕಲಿಯಬೇಕಾದದ್ದು ಇದರಿಂದಲೇ ಎಂದು ಹುಡುಗನಿಗೆ ಹೇಳಿದೆವು.

ಹೇಳುತ್ತಿದ್ದಂತೆ ನಮ್ಮಲ್ಲಿ ಕೆಲವರು ಮುಗುಳ್ನಕ್ಕರು. ಟ್ರಂಕು ಹಿಡಿದು ದಾದರಿನಲ್ಲಿ ಇಳಿದವರಲ್ಲಿ ಎಷ್ಟು ಮಂದಿ “ಮರಾಠಿ ಬರುತ್ತದೆ, ಟೈಪಿಂಗ್ ಬರುತ್ತದೆ” ಎಂದು ಹೇಳಿ ಕೆಲಸ ಹಿಡಿದು, ಆಮೇಲೆ ರಾತ್ರಿ ಕುಳಿತು ಕಲಿಯಲಿಲ್ಲ! ಇಂದಿನ ಹುಡುಗರು ಕಂಪ್ಯೂಟರಿನ ವಿಷಯದಲ್ಲಿ ಅದನ್ನೇ ಮಾಡುತ್ತಾರೆ. ಅದು ಸುಳ್ಳಲ್ಲವೆಂದು ವಾದಿಸುವ ಧೈರ್ಯ ನಮಗಿಲ್ಲ. ಆದರೆ ಎಲ್ಲ ಅರೆ ಸುಳ್ಳುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಟೈಪಿಂಗ್ ಬಾರದೆ ಸಿಕ್ಕಿಬಿದ್ದರೆ ಕೆಲಸ ಕಳೆದುಕೊಳ್ಳುವವನು ಅವನೇ (ಆ ಕೆಲಸ ತಪ್ಪಿಸಿಕೊಂಡ ಇನ್ನೊಬ್ಬ ಉಮೇದುವಾರನ ನೆನಪಾದರೆ ಈ ಸಮಾಧಾನವೂ ಸ್ವಲ್ಪ ಅಲ್ಲಾಡುತ್ತದೆ). ಬಸ್ಸು ಓಡಿಸಲು ಬರುತ್ತದೆಂದವನು ಸಿಕ್ಕಿಬಿದ್ದರೆ ಬೆಲೆ ತೆರುವವರು ಪ್ರಯಾಣಿಕರು.

ಕುರುಕ್ಷೇತ್ರದ ಹದಿನೈದನೆಯ ದಿನವೂ ನಮಗೆ ನೆನಪಾಗದಿರಲಿಲ್ಲ. ಯುದ್ಧದಲ್ಲಿ ಮೋಸ ಇದ್ದದ್ದೇ ಎಂದು ದ್ರೋಣನಿಗೂ ಗೊತ್ತಿತ್ತು; ಭೀಮನ ಕೂಗನ್ನು ಅದಕ್ಕೇ ಅವನು ನಂಬಲಿಲ್ಲ. ಧರ್ಮರಾಯನತ್ತ ತಿರುಗಿ ಕೇಳಿದ. ಆಗ ಕೇಳಿದವನು ಶತ್ರುವಲ್ಲ, ಗುರು, ಮಗನನ್ನು ಕಳೆದುಕೊಂಡೆನೋ ಎಂದು ನಡುಗುತ್ತಿದ್ದ ತಂದೆ. “ನಿಜ ಹೇಳು” ಎಂದು ಒಬ್ಬ ಹಾಗೆ ಕೇಳಿದ ಗಳಿಗೆಯಲ್ಲಿ ಆಟ ನಿಂತುಹೋಗಿರುತ್ತದೆ. ನೆಲದಿಂದ ನಾಲ್ಕಂಗುಲ ಮೇಲೆ ನಡೆಯುತ್ತಿದ್ದ ರಥ ನೆಲಕ್ಕೆ ತಗುಲಿದ್ದು ಅದಕ್ಕೇ ಇರಬೇಕು.

ಅಜ್ಜಿ ಎಲ್ಲವನ್ನೂ ಕೇಳಿ, “ಹಾಗಾದ್ರೆ ನನಗೂ ಹಾಕಿ ಎಲೆ” ಎಂದರು. ನಮ್ಮ ಪಣವೆಲ್ಲ ಹುಣಿಸೆ ಬೀಜ. ದುಡ್ಡಿನ ಆಟ ನಮ್ಮಲ್ಲಿಲ್ಲ. ಹಣ ಕಟ್ಟಿ ಆನ್‌ಲೈನಿನಲ್ಲಿ ಆಡುವುದನ್ನು 2025ರ ಕೇಂದ್ರ ಕಾಯ್ದೆಯೂ ನಿಷೇಧಿಸಿದೆ. ಆದರೆ ಕಳೆದುಕೊಳ್ಳುವ ಭಯವಿಲ್ಲದಿದ್ದರೆ ಯಾರೂ ಎಲೆ ಬಿಡುವುದಿಲ್ಲ, ಬ್ಲಫ್‌ಗೆ ಅರ್ಥವೇ ಇರುವುದಿಲ್ಲ. ಅದಕ್ಕೆ ಬೀಜ ಮುಗಿದವರು ರಾತ್ರಿಯ ಪಾತ್ರೆ ತೊಳೆಯಬೇಕೆಂದು ಕರಾರು. ಅಜ್ಜಿ ಒಂದು ಗಂಟೆ ಹೊತ್ತು ಬಂದ ಎಲೆಗಳನ್ನೆಲ್ಲ ಸುಮ್ಮನೆ ಕೆಳಗಿಡುತ್ತ ಕುಳಿತರು. ಆಮೇಲೆ ಒಮ್ಮೆ ತಮ್ಮ ಬೀಜಗಳನ್ನೆಲ್ಲ ಎರಡು ಕೈಯಿಂದ ಮುಂದೆ ತಳ್ಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಲೆ ಬಿಟ್ಟೆವು. ಆಟದ ನಿಯಮದಂತೆ ಅವರು ತೋರಿಸಬೇಕಾಗಿರಲಿಲ್ಲ. ಮೊಮ್ಮಗ ತಡೆಯಲಾರದೆ ಅವರ ಕೈ ಹಿಡಿದುಕೊಂಡು, “ಅಜ್ಜಿ, ನಿಜ ಹೇಳು, ಏನಿತ್ತು?” ಎಂದ.

“ಏನೂ ಇರ್ಲಿಲ್ಲ ಕಣೋ” ಎಂದು ಅಜ್ಜಿ ಬೀಜಗಳನ್ನು ಸೆರಗಿಗೆ ತುಂಬಿಕೊಂಡರು.