ಪರಿಮಳ ಯಾರ ಸ್ವತ್ತು?

ನ್ಯಾಯ ಮತ್ತು ವೈಶೇಷಿಕ ದರ್ಶನಗಳು ಗಂಧವನ್ನು ಪೃಥಿವಿಯೊಂದರಲ್ಲಿಯೇ ಇರುವ ವಿಶೇಷ ಗುಣವೆಂದು ಎಣಿಸಿ, ಅದನ್ನು ಸುರಭಿ ಹಾಗೂ ಅಸುರಭಿ, ಎಂದರೆ ಸುವಾಸನೆ ಮತ್ತು ದುರ್ವಾಸನೆ, ಎಂದು ಎರಡಾಗಿ ವಿಂಗಡಿಸುತ್ತವೆ. ಈ ಮತದ ಪ್ರಕಾರ ನೀರಿಗೂ ಗಾಳಿಗೂ ಸ್ವಂತ ವಾಸನೆಯಿಲ್ಲ. ಲಾವಂಚದ ಬೇರನ್ನು ಹಾಕಿಟ್ಟ ಕೊಡದ ನೀರು ಘಮಘಮಿಸಿದರೆ ಆ ಘಮವು ಬೇರಿನ ಪಾರ್ಥಿವ ಕಣಗಳದ್ದೇ ಹೊರತು ನೀರಿನದಲ್ಲ. ಕಲ್ಲು ಕೂಡ ಪೃಥಿವಿಯೇ ಆಗಿರುವಾಗ ಅದಕ್ಕೇಕೆ ವಾಸನೆಯಿಲ್ಲ ಎಂಬ ಆಕ್ಷೇಪಕ್ಕೆ, 17ನೇ ಶತಮಾನದ ವಿಶ್ವನಾಥ ಪಂಚಾನನನು ತನ್ನ ಸಿದ್ಧಾಂತಮುಕ್ತಾವಳಿಯಲ್ಲಿ, ಕಲ್ಲಿನಲ್ಲಿಯೂ ಗಂಧವಿದೆ, ಅದು ಉತ್ಕಟವಾಗಿಲ್ಲದ ಕಾರಣ ಮೂಗಿಗೆ ಗೋಚರಿಸದು, ಇಲ್ಲವಾದರೆ ಕಲ್ಲನ್ನು ಸುಟ್ಟ ಬೂದಿಯಲ್ಲಿ ವಾಸನೆ ತೋರುತ್ತಿರಲಿಲ್ಲ ಎಂದು ಉತ್ತರಿಸುತ್ತಾನೆ.

ಬೂದಿಯ ಈ ಮಾತು ಅಡುಗೆಮನೆಗೆ ಬಹಳ ಹತ್ತಿರದ್ದು. ಬೆಂಕಿಯ ಸಂಪರ್ಕದಿಂದ ಹಳೆಯ ಬಣ್ಣ, ರುಚಿ, ವಾಸನೆ, ಸ್ಪರ್ಶಗಳು ಅಳಿದು ಹೊಸವು ಹುಟ್ಟುವುದನ್ನು ನೈಯಾಯಿಕರು ‘ಪಾಕ’ವೆಂದು ಕರೆದು, ಅದು ಪೃಥಿವಿಯಲ್ಲಿ ಮಾತ್ರ ಸಂಭವಿಸುತ್ತದೆಂದು ಹೇಳುತ್ತಾರೆ. ಈ ಬದಲಾವಣೆ ಬಿಡಿಬಿಡಿ ಪರಮಾಣುಗಳಲ್ಲಿ ನಡೆಯುವುದೋ ಅಥವಾ ಇಡೀ ವಸ್ತುವಿನಲ್ಲಿ ನಡೆಯುವುದೋ ಎಂಬ ವಿಷಯದಲ್ಲಿ ವೈಶೇಷಿಕರ ಪೀಲುಪಾಕವಾದಕ್ಕೂ ನೈಯಾಯಿಕರ ಪಿಠರಪಾಕವಾದಕ್ಕೂ ದೀರ್ಘವಾದ ಜಗಳವಿದೆ. ಕೆಂಡದ ಮೇಲೆ ಬಿದ್ದ ಸಾಂಬ್ರಾಣಿಯಾಗಲಿ, ಹಂಚಿನಲ್ಲಿ ಹುರಿದ ಕೊತ್ತಂಬರಿ ಬೀಜವಾಗಲಿ ಆ ಜಗಳಕ್ಕೆ ಒಳ್ಳೆಯ ದೃಷ್ಟಾಂತವಾಗಬಹುದಿತ್ತು. ಆದರೆ ಶಾಸ್ತ್ರಕಾರರಿಗೆ ಕುಂಬಾರನ ಮಡಕೆಯೇ ಸಾಕೆನಿಸಿತು.

ಹೀಗೆ ಗಂಧವು ವಸ್ತುವಿಗೆ ಅಂಟಿಕೊಂಡ ಗುಣವಾದರೆ, ಹೂವು ಅಂಗಳದಲ್ಲಿದ್ದೂ ಅದರ ಪರಿಮಳ ನಡುಮನೆಯನ್ನು ತಲುಪುವುದು ಹೇಗೆ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಈ ಪ್ರಶ್ನೆ ಜೀವಾತ್ಮದ ಗಾತ್ರದ ಚರ್ಚೆಯೊಳಗೆ ಅನಿರೀಕ್ಷಿತವಾಗಿ ಬಂದು ಸೇರುತ್ತದೆ. ಹೂವನ್ನು ದಾಟಿ ಪರಿಮಳ ಹರಡುವಂತೆ ಅಣುಮಾತ್ರನಾದ ಜೀವನ ಚೈತನ್ಯವು ದೇಹವನ್ನೆಲ್ಲ ವ್ಯಾಪಿಸಬಲ್ಲದು ಎಂಬ ವಾದವನ್ನು ಶಂಕರರು ಪೂರ್ವಪಕ್ಷವಾಗಿ, ಅಂದರೆ ಖಂಡಿಸಬೇಕಾದ ಮತವಾಗಿ ಇರಿಸಿ, ಆಶ್ರಯವನ್ನು ಬಿಟ್ಟು ಸಂಚರಿಸುವುದು ಗುಣವೆಂದೇ ಎನಿಸದು, ಆದ್ದರಿಂದ ಗಂಧವೂ ತನ್ನ ದ್ರವ್ಯದ ಜೊತೆಯಲ್ಲಿಯೇ ಚಲಿಸಬೇಕು ಎಂದು ನಿರಾಕರಿಸುತ್ತಾರೆ. ರಾಮಾನುಜರೂ ಮಧ್ವರೂ ಜೀವನ ಅಣುತ್ವವನ್ನೇ ಸಿದ್ಧಾಂತವಾಗಿ ಸ್ವೀಕರಿಸಿದರು. ಜೀವದ ಗಾತ್ರದ ವಿವಾದ ಹಾಗಿರಲಿ, ಗಂಧದ ಮಟ್ಟಿಗೆ ಶಂಕರರ ಮಾತೇ ಗಟ್ಟಿಯೆಂದು ಒಪ್ಪಬೇಕಾಗುತ್ತದೆ. ಆವಿಯಾಗಿ ಹೊರಟ ಅಣುಗಳು ಮೂಗನ್ನು ಮುಟ್ಟಿದಾಗಲೇ ವಾಸನೆಯ ಅರಿವಾಗುತ್ತದೆಂದು ಇಂದಿನ ರಸಾಯನಶಾಸ್ತ್ರವೂ ಹೇಳುತ್ತದೆ.

ಇದನ್ನು ಒಪ್ಪಿದೊಡನೆ ನೀತಿಯ ಪ್ರಶ್ನೆಯೊಂದು ಎದುರಾಗುತ್ತದೆ. ವಾಸನೆಯು ವಸ್ತುವಿನ ಅಂಶವಾದರೆ ಮೂಸುವುದು ಆ ವಸ್ತುವನ್ನು ಅಷ್ಟರಮಟ್ಟಿಗೆ ಸೇವಿಸಿದಂತೆಯೇ ಸರಿ. ದೇವರಿಗೆ ಏರಿಸುವ ಹೂವನ್ನೂ ನೈವೇದ್ಯದ ಅನ್ನವನ್ನೂ ಮೊದಲೇ ಆಘ್ರಾಣಿಸಬಾರದೆಂಬ ಕಟ್ಟಳೆಯ ಹಿಂದೆ ಈ ತಿಳಿವಳಿಕೆ ಕೆಲಸಮಾಡಿರುವಂತೆ ಕಾಣುತ್ತದೆ. ಬೌದ್ಧರ ಸಂಯುತ್ತನಿಕಾಯದಲ್ಲಿ ಇದೇ ವಿಚಾರ ಇನ್ನೂ ಕಟುವಾಗಿ ಬರುತ್ತದೆ: ಕೋಸಲದ ಕಾಡಿನಲ್ಲಿದ್ದ ಭಿಕ್ಷುವೊಬ್ಬನು ಕೊಳಕ್ಕಿಳಿದು ತಾವರೆಯನ್ನು ಮೂಸಿದಾಗ ವನದೇವತೆಯು ಅವನನ್ನು ಗಂಧಚೋರನೆಂದು ಜರೆಯುತ್ತದೆ, ತಾನು ಹೂವನ್ನು ಕಿತ್ತಿಲ್ಲ, ಮುರಿದಿಲ್ಲ, ದಂಟನ್ನೇ ಅಗೆದು ಒಯ್ಯುವವರನ್ನು ಬಿಟ್ಟು ತನ್ನನ್ನೇಕೆ ದೂರುವುದೆಂದು ಅವನು ಕೇಳಿದರೆ, ಶುದ್ಧಿಯನ್ನು ಅರಸುವವನಿಗೆ ಕೂದಲೆಳೆಯಷ್ಟು ದೋಷವೂ ದೊಡ್ಡದೇ ಎಂಬುದು ದೇವತೆಯ ಉತ್ತರ. ಆದರೆ ಕಣಗಳು ಒಳಹೊಕ್ಕ ಮಾತ್ರಕ್ಕೆ ಕಳವಾಗುವುದಾದರೆ ಗಾಳಿಗೆ ಎದುರಾಗಿ ನಿಂತ ಪ್ರತಿಯೊಬ್ಬನೂ ಕಳ್ಳನಾಗಬೇಕಾಗುತ್ತದೆ, ನೈವೇದ್ಯ ಬೇಯಿಸುವವರು ಉಸಿರು ಬಿಗಿಹಿಡಿದೇ ಒಲೆಯ ಮುಂದೆ ಕೂರಬೇಕಾಗುತ್ತದೆ. ತಾನಾಗಿ ಬಂದು ತಾಗಿದ ವಾಸನೆಯಲ್ಲಿ ದೋಷವಿಲ್ಲ, ಸುಖಕ್ಕಾಗಿ ಬಾಗಿ ಮೂಸುವ ಇಚ್ಛೆಯಲ್ಲಿ ದೋಷವಿದೆ ಎಂದು ಹೇಳಿದರೆ ಮಾತ್ರ ಈ ನಿಯಮ ನಿಲ್ಲುತ್ತದೆ.

ಮನೆಯನ್ನು ಸುವಾಸಿತಗೊಳಿಸುವ ಧೂಪಕ್ಕೆ ಸಂಬಂಧಿಸಿದಂತೆ ಗೀತೆಯ ಏಳನೆಯ ಅಧ್ಯಾಯದ ಶಾಂಕರಭಾಷ್ಯ ನೆರವಾಗುತ್ತದೆ. ಪೃಥಿವಿಯಲ್ಲಿರುವ ಪುಣ್ಯಗಂಧವು ತಾನೆಂದು ಕೃಷ್ಣನು ಹೇಳುವಲ್ಲಿ, ಗಂಧದ ಪಾವಿತ್ರ್ಯವು ಸ್ವಭಾವಸಿದ್ಧ, ಕೆಡುಕು ಮಾತ್ರ ಅನ್ಯಸಂಸರ್ಗದಿಂದ ಬಂದದ್ದು ಎಂದು ಶಂಕರರು ವಿವರಿಸುತ್ತಾರೆ. ಈ ದೃಷ್ಟಿಯಿಂದ ಮಳೆಗಾಲದ ಮುಗ್ಗಲು ಹಿಡಿದ ಕೋಣೆಯ ಕಿಟಕಿ ತೆರೆದು, ನೆಲ ಒರೆಸಿ, ಬಿಸಿಲು ಕಾಣಿಸುವುದೇ ಮೊದಲ ಶುದ್ಧಿ. ಸಾಂಬ್ರಾಣಿ, ಗುಗ್ಗುಳ, ನಿಂಬೆಸಿಪ್ಪೆ, ಲವಂಗಗಳು ಅದರ ನಂತರದವು. ಕೊಳೆಯ ಮೇಲೆ ಪರಿಮಳವನ್ನು ಹೊದಿಸುವುದು ಶುದ್ಧಿಯಾಗದು, ಅದು ಅಂಗಡಿಯ ಬಾಟಲಿಯಿಂದ ಬಂದಿರಲಿ, ಮನೆಯಲ್ಲಿಯೇ ಕುದಿಸಿದ್ದಾಗಿರಲಿ.

ಗಂಧವು ಮಣ್ಣಿನದು ಎಂಬ ತತ್ತ್ವ ಗ್ರಂಥದ ಹೊರಗೆ ಆಚರಣೆಯ ರೂಪದಲ್ಲಿ ಕಾಣಸಿಗುವುದು ಆಶ್ವಯುಜ ಹುಣ್ಣಿಮೆಯ ದಿನ. ಉತ್ತರ ಕರ್ನಾಟಕದಲ್ಲಿ ಸೀಗೆ ಹುಣ್ಣಿಮೆಯೆಂದೂ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯೆಂದೂ ಹೆಸರಾದ ಈ ಹಬ್ಬದಲ್ಲಿ ತೆನೆಗಟ್ಟುತ್ತಿರುವ ಪೈರನ್ನು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ ಅವಳ ಬಯಕೆ ತೀರಿಸಲಾಗುತ್ತದೆ. ಮಲೆನಾಡಿನ ದೀವರ ಮನೆಗಳಲ್ಲಿ ಹೆಂಗಸರು ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಬಗೆಬಗೆಯ ಸೊಪ್ಪು ಕುಡಿಗಳ ಬೆರಕೆಯನ್ನೂ ಕಡುಬನ್ನೂ ಬೇಯಿಸುತ್ತಾರೆ; ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅದು ಗದ್ದೆಗೆ ಹೋಗುತ್ತದೆ; ಪೈರಿಗೆ ಪೂಜೆ ಸಲ್ಲಿಸಿ, ಚರಗವೆಂಬ ಆ ಎಡೆಯನ್ನು ಗದ್ದೆಯ ತುಂಬ ಬೀರಿ, ಮನೆಮಂದಿ ಅಲ್ಲಿಯೇ ಊಟಕ್ಕೆ ಕೂರುತ್ತಾರೆ. ವೈಶೇಷಿಕ ಸೂತ್ರದಿಂದ ಈ ಹಬ್ಬ ಹುಟ್ಟಿತೆಂದು ವಾದಿಸುವುದು ಅತಿರೇಕವಾದೀತು, ಶಾಸ್ತ್ರದ ಮುದ್ರೆಯೂ ಅದಕ್ಕೆ ಬೇಕಿಲ್ಲ. ಆದರೂ ಮಣ್ಣಿನಿಂದ ಬಂದ ರುಚಿಯಲ್ಲಿಯೂ ವಾಸನೆಯಲ್ಲಿಯೂ ಮೊದಲ ಪಾಲು ಮಣ್ಣಿನದೇ ಎಂಬ ನಿರ್ಣಯವನ್ನು ತರ್ಕಗ್ರಂಥಗಳಿಗಿಂತ ಈ ರಾತ್ರಿಯ ಅಡುಗೆಯೇ ಸ್ಪಷ್ಟವಾಗಿ ಕೊಟ್ಟಿದೆ. ಭಾರತೀಯ ದರ್ಶನಗಳಲ್ಲಿ ಗಂಧದ ವಿಚಾರವನ್ನು ಅಭ್ಯಸಿಸುವವರು ಭಾಷ್ಯಗಳ ಜೊತೆಗೆ ಭೂಮಣ್ಣಿ ಬುಟ್ಟಿಯನ್ನೂ ಪ್ರಮಾಣವಾಗಿ ಪರಿಗಣಿಸುವುದು ಅಗತ್ಯ.