ಅಭಯವೂ ಭೈಷಜ್ಯವೂ

ತಮಿಳುನಾಡಿನ ಧರ್ಮಪುರಿಗೆ ತಗಡೂರೆಂಬ ಹೆಸರಿದ್ದ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ನೊಳಂಬ ಮಹೇಂದ್ರನ ಆಳ್ವಿಕೆಯಲ್ಲಿ ಅಲ್ಲಿ ಜೈನ ಬಸದಿಯೊಂದು ನೆಲೆಗೊಂಡು ದತ್ತಿ ಪಡೆದುದನ್ನು ಆ ಊರಿನ ಕನ್ನಡ ಶಾಸನವು ತಿಳಿಸುತ್ತದೆ. ದಾನವನ್ನು ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂದು ನಾಲ್ಕಾಗಿ ವಿಂಗಡಿಸಿದ ಜೈನರು ಭೈಷಜ್ಯವನ್ನೂ ಅಭಯವನ್ನೂ ಬೇರೆಬೇರೆಯಾಗಿ ಎಣಿಸಿದುದೇಕೆ? ಪ್ರಾಣಿಗಳಿಗೆ ಜೀವರಕ್ಷಣೆಯನ್ನೀಯುವುದೇ ಅಭಯವೆಂಬ ಉತ್ತರ ಪ್ರಸಿದ್ಧವಾದುದು. ಆದರೆ ರೋಗಿಯ ಪಾಲಿಗೂ ಈ ವಿಂಗಡಣೆ ಎಷ್ಟು ಸತ್ಯವೆಂಬುದು ಹಲ್ಲಿನ ವಿಷಯದಲ್ಲಿ ಸ್ಪಷ್ಟವಾಗುತ್ತದೆ.

ಎನಾಮೆಲ್ ನಮ್ಮ ಶರೀರದಲ್ಲಿ ಅತ್ಯಂತ ಕಠಿನವಾದ ಪದಾರ್ಥ. ಆದರೆ ಅದರಲ್ಲಿ ಜೀವಕೋಶಗಳಿಲ್ಲದ ಕಾರಣ, ಮುರಿದ ಎಲುಬು ಕೂಡಿಕೊಳ್ಳುವಂತೆ ಹುಳುಕಿನ ಕುಳಿ ತಾನಾಗಿ ತುಂಬಿಕೊಳ್ಳಲಾರದು. ಪರಹಸ್ತದ ಉಪಕಾರ ಅದಕ್ಕೆ ಅನಿವಾರ್ಯ. ಆ ಹಸ್ತದಲ್ಲಿ ಗಿರ್ರನೆ ತಿರುಗುವ ಡ್ರಿಲ್ಲನ್ನು ನೆನೆದೇ ಎಷ್ಟೋ ಮಂದಿ, ಹುಳುಕು ನರವನ್ನು ಮುಟ್ಟುವವರೆಗೂ ಲವಂಗ ಕಚ್ಚಿಕೊಂಡು ದಿನ ನೂಕುತ್ತಾರೆ. ಇಲ್ಲಿ ಭಯವೇ ರೋಗವನ್ನು ಬೆಳೆಸುತ್ತದೆ.

ಹುಳುಕು ತೆಗೆಯುವುದಕ್ಕೆ ಅಮೆರಿಕದಲ್ಲಿ 1997ರಲ್ಲಿ ಅನುಮತಿ ಪಡೆದ ಎರ್ಬಿಯಂ ಲೇಸರಿನ 2.94 ಮೈಕ್ರಾನ್ ಕಿರಣವನ್ನು ನೀರು ಬಹು ಬೇಗ ಹೀರಿಕೊಳ್ಳುತ್ತದೆ; ಹುಳುಕಿದ ಭಾಗದಲ್ಲಿ ಗಟ್ಟಿ ಎನಾಮೆಲಿಗಿಂತ ತೇವ ಹೆಚ್ಚಾಗಿರುವುದರಿಂದ, ಆ ತೇವವು ಕ್ಷಣಮಾತ್ರದಲ್ಲಿ ಆವಿಯಾಗಿ ಸಿಡಿದು ಕೊಳೆತುದನ್ನು ಕಣಕಣವಾಗಿ ಹೊರದೂಡುತ್ತದೆ. ಡ್ರಿಲ್ಲಿನ ಅದುರಾಟವಿಲ್ಲ, ಅನೇಕರಿಗೆ ಮರಗಟ್ಟಿಸುವ ಸೂಜಿಯೂ ಬೇಕಾಗದು. ಕೆಲಸ ನಿಧಾನ, ಹಳೆಯ ಬೆಳ್ಳಿ ತುಂಬಿಕೆಯನ್ನು ತೆಗೆಯಲು ಇದು ಸಲ್ಲದು, ನಿಜ. ಆದರೂ ಔಷಧದೊಡನೆ ಅಭಯವನ್ನೂ ಕೊಡತಕ್ಕ ಉಪಕರಣವಿದೆಂದು ನಾನು ಗೌರವದಿಂದ ಕಾಣುತ್ತೇನೆ.

ನೋವು ಪೂರ್ವಕರ್ಮದ ಫಲ, ಉಂಡೇ ತೀರಿಸಬೇಕು ಎನ್ನುವವರುಂಟು. ಆದರೆ ಧರ್ಮಪುರಿ ಸೀಮೆಯ ಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ಮೀರಿದ ಕಡೆಗಳಲ್ಲಿ ಅದೇ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟಿತು. ಈ ಕಲೆ ಹುಳುಕಲ್ಲ. ಅಲ್ಪಪ್ರಮಾಣದ ಫ್ಲೋರೈಡ್ ಹುಳುಕನ್ನು ತಡೆಯುವುದೂ ಉಂಟು. ಒಂದೇ ಬಾವಿಯ ನೀರು ಕುಡಿದ ಮಕ್ಕಳೆಲ್ಲರೂ ಪೂರ್ವಜನ್ಮದಲ್ಲಿ ಒಂದೇ ಪಾಪವನ್ನು ಮಾಡಿದ್ದರೆನ್ನಲು ನನಗೆ ಮನಸ್ಸಿಲ್ಲ. 2013ರಲ್ಲಿ ಹೊಗೇನಕಲ್ಲಿನಿಂದ ಕಾವೇರಿಯನ್ನು ಆ ಊರುಗಳಿಗೆ ಹರಿಸತೊಡಗಿದವರು ಕರ್ಮ ಸವೆಯಲೆಂದು ಕಾಯಲಿಲ್ಲ.

ಲೇಸರ್ ಯಂತ್ರದ ಬೆಲೆ ದೊಡ್ಡದು. ಸೇಲಂ ನಗರದಲ್ಲಿ ಹಣ ತೆತ್ತವನಿಗೆ ಸಿಗುವ ಅಭಯ ಪೆನ್ನಾಗರದ ಕೂಲಿಯವನಿಗೆ ಸಿಗದಿದ್ದರೆ ಅದು ವ್ಯಾಪಾರವಾಯಿತು, ದಾನವಾಗಲಿಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಈ ಯಂತ್ರ ಬರಲೇಬೇಕು. ಬರುವವರೆಗೆ, ಡ್ರಿಲ್ಲಿಲ್ಲದೆ ಕೈ ಉಪಕರಣದಿಂದ ಹುಳುಕನ್ನು ಕೆರೆದು ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟನ್ನು ತುಂಬುವ ಸರಳ ವಿಧಾನವು, ವಿದ್ಯುತ್ತನ್ನೂ ಬೇಡದೆ, ಶಾಲೆಯ ಜಗಲಿಯ ಮೇಲೆಯೇ ನಡೆಯಬಲ್ಲುದು.